ಗೇರ್‌ಬಾಕ್ಸ್ ಬಿಚ್ಚುವ ಮೊದಲು ಆಯಿಲ್ ನೋಡಿದ್ರಾ?

ಹಳೆಯ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆ ಕೆಲವು ಕಿವಿಮಾತುಗಳು



ಬೆಳ್ತಂಗಡಿ ಕಡೆಯ ನಮ್ಮ ಪರಿಚಯದವರೊಬ್ಬರಿಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲಿನಲ್ಲಿ ಬಲವಿಲ್ಲ. ಕ್ಲಚ್ ತುಳಿಯುವ ಕಾರು ಓಡಿಸಲು ಅವರಿಂದ ಆಗದು. ಆದ್ದರಿಂದ ಇದ್ದ ಉಳಿತಾಯವನ್ನೆಲ್ಲ ಒಟ್ಟು ಮಾಡಿ ಹಳೆಯದೊಂದು ಆಟೋಮ್ಯಾಟಿಕ್ ಕಾರು ಕೊಂಡಿದ್ದರು. ಪೇಟೆಯಲ್ಲಿ ಅವರದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಅಂಗಡಿಗೆ ಹೋಗುವುದು, ರಾತ್ರಿ ಮನೆ ಸೇರುವುದು ಎಲ್ಲವೂ ಅದರಲ್ಲೇ. ಕಾರು ನಿಂತರೆ ಅಂಗಡಿಯ ಬಾಗಿಲೂ ಮುಚ್ಚಿದಂತೆ.

ಒಂದು ದಿನ ಚಾರ್ಮಾಡಿ ಘಾಟಿ ಹತ್ತುವಾಗ ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಅವರು ಬುದ್ಧಿವಂತಿಕೆಯಿಂದ ಅಲ್ಲಿಯೇ ಬದಿಗೆ ನಿಲ್ಲಿಸಿದರು. ಗಾಡಿಯನ್ನು ಲಾರಿಯ ಮೇಲೆ ಹಾಕಿಸಿ ಒಂದು ಗ್ಯಾರೇಜಿಗೆ ತಂದಾಯಿತು. ಅಲ್ಲಿ ಸ್ವಲ್ಪ ಹೊತ್ತು ನೋಡಿ, "ಗೇರ್‌ಬಾಕ್ಸ್ ಹೋಗಿದೆ ಸಾರ್, ಬೇರೆಯೇ ಹಾಕಬೇಕು" ಎಂದರು. ಹೇಳಿದ ಮೊತ್ತ ಕಾರು ಕೊಂಡ ಬೆಲೆಯ ಮುಕ್ಕಾಲು ಪಾಲು! ಹೆಂಡತಿಯ ಕುತ್ತಿಗೆಯ ಸರ ಅಡವಿಡುವುದೋ, ಸಂಘದಲ್ಲಿ ಸಾಲ ಕೇಳುವುದೋ ಎಂಬ ಲೆಕ್ಕಾಚಾರ ಮನೆಯಲ್ಲಿ ಶುರುವಾಯಿತು. ಸಾಲದ ಅರ್ಜಿಯನ್ನೂ ಬರೆದಾಗಿತ್ತು.

ಅಷ್ಟರಲ್ಲಿ ಅವರ ಅಂಗಡಿಗೆ ಬಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ವಿಷಯ ಕೇಳಿ, "ಅಲ್ಲ ಮಾರಾಯ್ರೆ, ಆಯಿಲ್ ಎಷ್ಟಿದೆ ಅಂತ ನೋಡಿದ್ರಾ?" ಎಂದರು. ನೋಡಿರಲಿಲ್ಲ. ಗ್ಯಾರೇಜಿನವರೂ ನೋಡಿರಲಿಲ್ಲ. ಡಿಪ್‌ಸ್ಟಿಕ್ ಎಳೆದರೆ ಅದರ ತುದಿ ಒಣಗಿತ್ತು. ಗೇರ್‌ಬಾಕ್ಸಿನಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟು, ಎಷ್ಟೋ ದಿನಗಳಿಂದ ಆಯಿಲ್ ಹನಿ ಹನಿಯಾಗಿ ಸೋರಿ ಹೋಗಿತ್ತು. ಪೈಪು ಬದಲಿಸಿ, ಸರಿಯಾದ ಆಯಿಲ್ ತುಂಬಿಸಿದ ಮೇಲೆ ಗಾಡಿ ಮೊದಲಿನಂತೆಯೇ ಓಡಿತು. ಸಾಲದ ಅರ್ಜಿ ಹರಿದು ಹಾಕಿದರು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಹಿರಿಯರು ಹೇಳುತ್ತಾರೆ. ಎಲ್ಲರ ಗಾಡಿಯೂ ಹೀಗೆ ಸುಲಭದಲ್ಲಿ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಕೆಲವು ಗೇರ್‌ಬಾಕ್ಸ್‌ಗಳು ನಿಜವಾಗಿಯೂ ಸವೆದು ಹೋಗಿರುತ್ತವೆ. ಆದರೆ ಕಡಿಮೆ ಖರ್ಚಿನ ಕಾರಣಗಳನ್ನು ಮೊದಲು ನೋಡಿ, ದೊಡ್ಡ ಖರ್ಚಿನದ್ದನ್ನು ಕೊನೆಗೆ ನೋಡಬೇಕು. ಈ ಕ್ರಮ ಗೊತ್ತಿದ್ದರೆ ನಾವು ಮೋಸ ಹೋಗುವುದೂ ಕಡಿಮೆ, ಅವಸರದಲ್ಲಿ ಸಾಲ ಮಾಡುವುದೂ ಕಡಿಮೆ.

ಒಳಗೆ ನಡೆಯುವುದೇನು?

ಸಾಮಾನ್ಯ ಕಾರಿನಲ್ಲಿ ಕ್ಲಚ್ ತುಳಿದು ಗೇರ್ ಹಾಕುವ ಕೆಲಸ ನಮ್ಮದು. ಆಟೋಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಆಯಿಲ್ ಮಾಡುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಕೊಟ್ಟಾಗಿನಿಂದ ಮೂಲ ಉಪಾಯ ಹೆಚ್ಚು ಬದಲಾಗಿಲ್ಲ.

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಡಿ. ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಎದುರಿನ ಫ್ಯಾನೂ ತಿರುಗುತ್ತದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವ ಟಾರ್ಕ್ ಕನ್ವರ್ಟರ್ ಕೆಲಸ ಮಾಡುವುದೂ ಹೀಗೆಯೇ. ಅಲ್ಲಿ ಗಾಳಿಯ ಬದಲು ಆಯಿಲ್ ಇರುತ್ತದೆ ಅಷ್ಟೆ. ಅದರ ಹಿಂದೆ ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಜೋಡಿಸಿದ ಹಲ್ಲುಚಕ್ರಗಳು ಇವೆ. ಯಾವ ಚಕ್ರವನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಒಂದನೇ, ಎರಡನೇ, ಮೂರನೇ ಗೇರ್ ಬೀಳುತ್ತದೆ. ಹಾಗೆ ಹಿಡಿಯುವ ಸಣ್ಣ ಸಣ್ಣ ಕ್ಲಚ್ ಪ್ಲೇಟುಗಳನ್ನು ಒತ್ತುವುದು ಪಂಪಿನಿಂದ ಬರುವ ಆಯಿಲ್ ಒತ್ತಡ. ಆ ಒತ್ತಡವನ್ನು ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸುವುದು ವಾಲ್ವ್ ಬಾಡಿ ಎಂಬ ಭಾಗ. 1990ರ ದಶಕದಿಂದ ಈಚಿನ ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರಿನ ಅಪ್ಪಣೆಯಂತೆ ತೆರೆದು ಮುಚ್ಚುವ ಸೋಲೆನಾಯ್ಡ್‌ಗಳೂ ಅದಕ್ಕೆ ಸೇರಿವೆ.

ಅಂದರೆ ಒಂದೇ ಆಯಿಲ್ ನಾಲ್ಕು ಕೆಲಸ ಮಾಡುತ್ತದೆ: ಶಕ್ತಿ ದಾಟಿಸುತ್ತದೆ, ಕ್ಲಚ್ ಒತ್ತುತ್ತದೆ, ಸವೆತ ತಡೆಯುತ್ತದೆ, ಬಿಸಿಯನ್ನು ಹೊರಗೆ ಒಯ್ಯುತ್ತದೆ. ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಪ್ಲೇಟು ಬಿಗಿಯಾಗಿ ಹಿಡಿಯದೆ ಜಾರುತ್ತದೆ. ಜಾರಿದ ಪ್ಲೇಟು ಬಿಸಿಯಾಗಿ ಸುಡುತ್ತದೆ. ಘಾಟಿಯಲ್ಲಿ ಕೂಗಿದ ಇಂಜಿನ್ನಿನ ಗುಟ್ಟು ಇದೇ. ನಮ್ಮ ಪರಿಚಯದವರು "ಹೇಗಾದರೂ ಕೊಟ್ಟಿಗೆಹಾರದವರೆಗೆ ಹೋಗಲಿ" ಎಂದು ಆಕ್ಸಿಲರೇಟರ್ ಒತ್ತುತ್ತಲೇ ಇದ್ದಿದ್ದರೆ ಪ್ಲೇಟುಗಳು ಸುಟ್ಟು, ಗ್ಯಾರೇಜಿನವರ ಮಾತೇ ನಿಜವಾಗುತ್ತಿತ್ತು.

ಮೊದಲು ನಿಮ್ಮದು ಯಾವ ಜಾತಿಯ ಗೇರ್‌ಬಾಕ್ಸ್ ತಿಳಿಯಿರಿ

ಎರಡೇ ಪೆಡಲ್ ಇರುವ ಎಲ್ಲ ಕಾರುಗಳನ್ನೂ ನಾವು ಆಟೋಮ್ಯಾಟಿಕ್ ಎನ್ನುತ್ತೇವೆ. ಒಳಗೆ ಹಲವು ಬಗೆ ಇವೆ, ಅವುಗಳಲ್ಲಿ ಮೂರು ಇಲ್ಲಿವೆ.

1. ಟಾರ್ಕ್ ಕನ್ವರ್ಟರ್ ಇರುವುದು. ಹಳೆಯ ಮಾರುತಿ ಝೆನ್ ಆಟೋಮ್ಯಾಟಿಕ್ (3 ಗೇರ್), ಹ್ಯುಂಡೈ ಸ್ಯಾಂಟ್ರೋ ಮತ್ತು ಐ10 ಆಟೋಮ್ಯಾಟಿಕ್ (4 ಗೇರ್) ಈ ಜಾತಿಯವು. ಈ ಲೇಖನ ಮುಖ್ಯವಾಗಿ ಇವುಗಳ ಬಗ್ಗೆ.

2. ಸಿವಿಟಿ. ಇದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೇರ್ ಇಲ್ಲ. ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. 2000ದ ದಶಕದ ಹೋಂಡಾ ಸಿಟಿಯ ಕೆಲವು ಮಾದರಿಗಳಲ್ಲಿ ಇದಿತ್ತು. ಇದಕ್ಕೆ ಇದರದ್ದೇ ಆಯಿಲ್ ಬೇಕು. ಬೇರೆಯದು ಹಾಕಿದರೆ ಬೆಲ್ಟ್ ಜಾರಿ ಹಾಳಾಗುತ್ತದೆ.

3. ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮ ದೇಶದಲ್ಲಿ ಜನಪ್ರಿಯವಾದದ್ದು. ಇದು ಒಳಗೆ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸ ಮಾತ್ರ ಒಂದು ಯಂತ್ರ ಮಾಡುತ್ತದೆ. ಇದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ತೊಂದರೆ ಬಂದರೆ ಕ್ಲಚ್ ಪ್ಲೇಟ್ ಸವೆತ, ಆ ಯಂತ್ರದ ದೋಷ, ಬ್ಯಾಟರಿ ಇವನ್ನು ನೋಡಬೇಕು. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಚ್ಚಿ ಅದಕ್ಕೆ ಹೊಸ ಕ್ಲಚ್‌ನ ಅಳತೆಯನ್ನು ಕಲಿಸಬೇಕಾಗುತ್ತದೆ.

ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಕಾರಿನ ಜೊತೆ ಬಂದ ಪುಸ್ತಕ ನೋಡಿ. ಆ ಪುಸ್ತಕ ಕಳೆದುಕೊಳ್ಳಬೇಡಿ. ಹಳೆ ಕಾರು ಕೊಳ್ಳುವಾಗಲೂ ಕೇಳಿ ಪಡೆಯಿರಿ.

ಆಯಿಲ್ ನೋಡುವ ಕ್ರಮ

ಬಾನೆಟ್ ತೆರೆದರೆ ಇಂಜಿನ್ ಆಯಿಲಿನ ಡಿಪ್‌ಸ್ಟಿಕ್ ಅಲ್ಲದೆ ಇನ್ನೊಂದು ಡಿಪ್‌ಸ್ಟಿಕ್ ಗೇರ್‌ಬಾಕ್ಸ್ ಕಡೆ ಇರುತ್ತದೆ. ಎರಡನ್ನೂ ಬೆರೆಸಿಕೊಳ್ಳಬೇಡಿ.

1. ಗಾಡಿಯನ್ನು 15–20 ನಿಮಿಷ ಓಡಿಸಿ ಬಿಸಿ ಮಾಡಿ. ಜಾರುತ್ತಿರುವ ಗಾಡಿಯಾದರೆ ಓಡಿಸಬೇಡಿ. ತಣ್ಣಗಿದ್ದಾಗ ನೋಡುವ ಗುರುತು ಇದ್ದರೆ ಅದರಲ್ಲೇ ನೋಡಿ.

2. ಸಮತಟ್ಟಾದ, ಗಾಳಿ ಬೆಳಕಿರುವ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಗಾಡಿಯ ಮುಂದೆ ಯಾರೂ ನಿಲ್ಲಬಾರದು.

3. ಕಾಲು ಬ್ರೇಕ್ ಒತ್ತಿ ಹಿಡಿದೇ ಲಿವರನ್ನು ಪಿ, ಆರ್, ಎನ್, ಡಿ, 2, ಎಲ್ ಎಂದು ಎಲ್ಲ ಸ್ಥಾನಗಳಿಗೂ ಒಯ್ದು, ಒಂದೊಂದರಲ್ಲಿ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಪಿಗೆ ತನ್ನಿ.

4. ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು, ಎಳೆ ಬಿಡದ ಶುಭ್ರ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಬೇಕು. ಹೋಂಡಾದ ಅನೇಕ ಗಾಡಿಗಳಲ್ಲಿ ಮಾತ್ರ ಬಿಸಿಯಾದ ಇಂಜಿನ್ ನಿಲ್ಲಿಸಿ, ಒಂದು ನಿಮಿಷ ಕಳೆದು ತಡಮಾಡದೆ ನೋಡಬೇಕು. ನಿಮ್ಮ ಗಾಡಿಯದು ಯಾವ ಕ್ರಮ ಎಂದು ಪುಸ್ತಕದಲ್ಲಿ ಇರುತ್ತದೆ.

5. "ಹಾಟ್" ಎಂದು ಬರೆದ ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು.

ಇಂಜಿನ್ ಓಡುವಾಗ ಫ್ಯಾನ್ ತಿರುಗುತ್ತಿರುತ್ತದೆ. ಸೀರೆಯ ಸೆರಗು, ಲುಂಗಿ, ಬಿಚ್ಚಿದ ಕೂದಲು, ಕುತ್ತಿಗೆಯ ಸರ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಡಿಪ್‌ಸ್ಟಿಕ್ ಇರುವುದೇ ಇಲ್ಲ. ಕೆಳಗಿನ ಬೋಲ್ಟು ಬಿಚ್ಚಿ, ಆಯಿಲಿನ ಬಿಸಿ ಅಳೆದು ನೋಡಬೇಕು. ಅಂಥದ್ದನ್ನು ಗ್ಯಾರೇಜಿಗೆ ಬಿಡಿ.

ಕಡಿಮೆ ಇದ್ದರೆ ಒಂದೇ ಸಲ ಸುರಿಯಬೇಡಿ. ಸ್ವಲ್ಪ ಸ್ವಲ್ಪ ಹಾಕಿ ನೋಡುತ್ತಾ ಹೋಗಿ. ಹೆಚ್ಚಾದರೂ ತೊಂದರೆಯೇ. ತಿರುಗುವ ಚಕ್ರಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ಇರುವುದಿಲ್ಲ. ಆಗ ಕಡಿಮೆ ಇದ್ದಾಗ ಬರುವ ಲಕ್ಷಣಗಳೇ ಬರುತ್ತವೆ.

ಯಾವ ಆಯಿಲ್ ಎಂಬುದು ಬಹಳ ಮುಖ್ಯ. ಹ್ಯುಂಡೈನ ಹಳೆಯ 4 ಗೇರ್ ಗಾಡಿಗಳಿಗೆ ಎಸ್‌ಪಿ-3, ಹೋಂಡಾಕ್ಕೆ ಹಿಂದೆ ಝಡ್-1 ಈಗ ಡಿಡಬ್ಲ್ಯೂ-1, ಟೊಯೋಟಾದ ಅನೇಕ ಗಾಡಿಗಳಿಗೆ ಟಿ-4 ಅಥವಾ ಡಬ್ಲ್ಯೂಎಸ್, ಹೀಗೆ ಒಂದೊಂದು ಕಂಪೆನಿಗೆ ಒಂದೊಂದು. "ಕೆಂಪಗಿದ್ದರೆ ಆಯಿತು, ಎಲ್ಲ ಒಂದೇ" ಎನ್ನುವವರ ಮಾತು ಕೇಳಬೇಡಿ. ಇಂಜಿನ್ ಆಯಿಲನ್ನಂತೂ ಹಾಕಲೇಬಾರದು.

ಬಣ್ಣ ನೋಡಿ, ವಾಸನೆ ನೋಡಿ

ಡಿಪ್‌ಸ್ಟಿಕ್ಕಿನ ಆಯಿಲನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ.

ತಿಳಿ ಕೆಂಪು ಇದ್ದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿದ್ದು, ಸುಟ್ಟ ವಾಸನೆ ಇಲ್ಲದಿದ್ದರೆ ಹಳತಾಗಿದೆ, ಬದಲಿಸುವ ಸಮಯವಾಗಿದೆ. ಕಪ್ಪಾಗಿ, ಸೀದ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟು ಸುಟ್ಟಿರುವ ಸಾಧ್ಯತೆ ಹೆಚ್ಚು. ಹಾಲಿಗೆ ಗುಲಾಬಿ ಶರಬತ್ತು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದರ್ಥ. ರೇಡಿಯೇಟರ್ ಒಳಗಿನ ಕೂಲರ್ ಒಡೆದಿರಬಹುದು, ಇಲ್ಲವೇ ಮಳೆಗಾಲದಲ್ಲಿ ತುಂಬಿದ ನೀರಿನಲ್ಲಿ ಗಾಡಿ ಇಳಿಸಿರಬಹುದು. ಆಗ ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ. ನೀರು ಸೇರಿದರೆ ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ.

ಆಯಿಲ್ ಇಳಿಸಿದಾಗ ಅಡಿಯ ಮ್ಯಾಗ್ನೆಟಿಗೆ ಬೂದುಬಣ್ಣದ ನುಣುಪಾದ ಕೆಸರು ಅಂಟಿರುವುದು ಸಹಜ. ಹೊಳೆಯುವ ಲೋಹದ ಚೂರುಗಳು ಸಿಕ್ಕರೆ ಮಾತ್ರ ಗಾಬರಿಪಡಬೇಕು.

ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ

ಇಂಜಿನ್ ಆಯಿಲ್ ಉರಿದು ಸ್ವಲ್ಪ ಕಡಿಮೆಯಾಗಬಹುದು. ಗೇರ್‌ಬಾಕ್ಸಿನ ಆಯಿಲ್ ಹಾಗೆ ಉರಿಯುವುದಿಲ್ಲ. ಆದ್ದರಿಂದ ಬರೀ ತುಂಬಿಸಿದರೆ ಸಾಲದು, ಸೋರುವ ಜಾಗ ಹುಡುಕಬೇಕು. ರಾತ್ರಿ ಗಾಡಿಯ ಅಡಿಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕೆಂಪು ಅಥವಾ ಕಂದು ಬಣ್ಣದ ತೆಳು ಎಣ್ಣೆ ಕಂಡರೆ ಗೇರ್‌ಬಾಕ್ಸಿನದು. ಪವರ್ ಸ್ಟೀರಿಂಗ್ ಆಯಿಲೂ ಕೆಂಪಗಿರಬಹುದು, ಹಾಗಾಗಿ ಅದರ ಡಬ್ಬಿಯನ್ನೂ ನೋಡಿ. ಬಣ್ಣವಿಲ್ಲದ ಬರೀ ನೀರಾದರೆ ಎಸಿಯದು, ಚಿಂತೆ ಬೇಡ.

ಕೂಲರ್ ಪೈಪುಗಳು, ಅಡಿಯ ತಟ್ಟೆಯ ಗ್ಯಾಸ್ಕೆಟ್, ಚಕ್ರಕ್ಕೆ ಹೋಗುವ ಆಕ್ಸಲ್ ಸೀಲು ಇವು ಸಾಮಾನ್ಯವಾಗಿ ಸೋರುವ ಜಾಗಗಳು. ಇವು ಮೂರನ್ನೂ ಗೇರ್‌ಬಾಕ್ಸ್ ಇಳಿಸದೆಯೇ ಸರಿ ಮಾಡಬಹುದು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಪಂಪ್ ಸೀಲು ಸೋರಿದರೆ ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು.

ಲಕ್ಷಣ ನೋಡಿ ಕಾರಣ ಊಹಿಸಿ

ಡಾಕ್ಟರ ಹತ್ತಿರ ಹೋದಾಗ "ಎಲ್ಲಿ ನೋವು, ಯಾವಾಗಿನಿಂದ" ಎಂದು ಹೇಳುತ್ತೇವಲ್ಲ? ಮೆಕ್ಯಾನಿಕ್ ಹತ್ತಿರವೂ ಹಾಗೆಯೇ ಹೇಳಬೇಕು. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟನೇ ಗೇರಿನಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ ಎಂದು ಬರೆದಿಟ್ಟುಕೊಳ್ಳಿ.

ಡಿ ಅಥವಾ ಆರ್ ಹಾಕಿದ ಮೇಲೆ ಗಾಡಿ ಹೊರಡಲು ತಡ: ಎರಡು ಮೂರು ಸೆಕೆಂಡು ಕಾಯಬೇಕಾದರೆ ಆಯಿಲ್ ಕಡಿಮೆ ಇರಬಹುದು, ಫಿಲ್ಟರ್ ಕಟ್ಟಿರಬಹುದು, ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿರಬಹುದು.

ಗೇರ್ ಬದಲಾಗುವಾಗ ಇಂಜಿನ್ ಕೂಗಿ ನಂತರ ಹಿಡಿಯುವುದು: ಇದು ಜಾರುವಿಕೆ. ಆಯಿಲ್ ಸರಿಯಿದ್ದೂ ಹೀಗಾದರೆ ಒತ್ತಡ ಅಳೆಸಬೇಕು. ಈ ಲಕ್ಷಣ ಕಂಡಾಗ ಗಾಡಿ ಓಡಿಸುತ್ತಾ ಹೋದರೆ ಪ್ರತಿ ಕಿಲೋಮೀಟರಿಗೂ ಪ್ಲೇಟು ಸವೆಯುತ್ತದೆ.

ಗೇರ್ ಬೀಳುವಾಗ ಧಡ್ ಎಂದು ಗುದ್ದುವುದು: ಇಂಜಿನ್ ಐಡ್ಲಿಂಗ್ ಜಾಸ್ತಿ ಇದ್ದರೂ, ಇಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹೀಗಾಗುತ್ತದೆ. ಇವೆರಡೂ ಗೇರ್‌ಬಾಕ್ಸಿನ ಹೊರಗಿನ, ಕಡಿಮೆ ಖರ್ಚಿನ ದೋಷಗಳು. ತೀರಾ ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಇರುತ್ತದೆ. ಅದರ ಬಿಗಿ ತಪ್ಪಿದರೂ ಗುದ್ದುತ್ತದೆ ಅಥವಾ ಗೇರ್ ತಡವಾಗಿ ಬೀಳುತ್ತದೆ.

ಟಾಪ್ ಗೇರ್ ಬೀಳುವುದೇ ಇಲ್ಲ: ನಗಬೇಡಿ, ಮೊದಲು ಲಿವರ್ ಹತ್ತಿರದ ಓವರ್‌ಡ್ರೈವ್ ಗುಂಡಿ ನೋಡಿ. ಮಕ್ಕಳು ಒತ್ತಿರಬಹುದು. ಇಂಜಿನ್ ಬಿಸಿಯಾಗುವವರೆಗೆ ಅನೇಕ ಗಾಡಿಗಳಲ್ಲಿ ಟಾಪ್ ಗೇರ್ ಕೊಡುವುದಿಲ್ಲ. ಥರ್ಮೋಸ್ಟಾಟ್ ಕೆಟ್ಟು ಇಂಜಿನ್ ಬಿಸಿಯೇ ಆಗದಿದ್ದರೆ ಗೇರೂ ಬೀಳದು.

ಸ್ಪೀಡಿನಲ್ಲಿ ಹೋಗುವಾಗ ಹಂಪಿನ ಸಾಲಿನ ಮೇಲೆ ಹೋದಂತೆ ನಡುಕ: ಕನ್ವರ್ಟರ್ ಒಳಗಿನ ಲಾಕ್ ಕ್ಲಚ್ ಕಾರಣವಿರಬಹುದು. ಹಳತಾದ ಆಯಿಲ್ ಬದಲಿಸಿದರೆ ಎಷ್ಟೋ ಸಲ ನಿಲ್ಲುತ್ತದೆ. ಆದರೆ ಸ್ಪಾರ್ಕ್ ಪ್ಲಗ್ ಕೆಟ್ಟರೂ ಹೀಗೇ ನಡುಗುತ್ತದೆ. ಬ್ರೇಕ್ ಸ್ವಲ್ಪ ತಾಗಿಸಿದಾಗ ಲಾಕ್ ಬಿಡುತ್ತದೆ. ನಡುಕ ತಕ್ಷಣ ನಿಂತರೆ ಕನ್ವರ್ಟರಿನದು ಎಂದು ಅನುಭವಿ ಮೆಕ್ಯಾನಿಕ್‌ಗಳು ಪತ್ತೆ ಮಾಡುತ್ತಾರೆ.

ಲಿವರ್ ಪಿಯಿಂದ ಕದಲುವುದಿಲ್ಲ: ಹಿಂದಿನ ಬ್ರೇಕ್ ಲೈಟ್ ಉರಿಯುತ್ತದೆಯೇ ನೋಡಿ. ಉರಿಯದಿದ್ದರೆ ಫ್ಯೂಸ್ ಅಥವಾ ಬ್ರೇಕ್ ಪೆಡಲಿನ ಸ್ವಿಚ್ ಹೋಗಿರಬಹುದು. ಅನೇಕ ಗಾಡಿಗಳಲ್ಲಿ ಬ್ರೇಕ್ ಒತ್ತಿದ್ದು ಗೊತ್ತಾಗದೆ ಲಿವರ್ ಬಿಡುವುದಿಲ್ಲ. ಲಿವರ್ ಪಕ್ಕದ ಸಣ್ಣ ತೂತಿನಲ್ಲಿ ಬೀಗ ಬಿಡಿಸುವ ಉಪಾಯ ಪುಸ್ತಕದಲ್ಲಿ ಇರುತ್ತದೆ.

ಪಿಯಲ್ಲಿ ಸ್ಟಾರ್ಟ್ ಆಗದೆ ಎನ್‌ನಲ್ಲಿ ಮಾತ್ರ ಆಗುವುದು, ರಿವರ್ಸ್ ಲೈಟ್ ಬರದಿರುವುದು: ಗೇರ್ ಸ್ಥಾನ ಹೇಳುವ ಸ್ವಿಚ್ ಅಥವಾ ಲಿವರ್ ಕೇಬಲ್ ಸರಿದಿರಬಹುದು. ಇದೂ ಹೊರಗಿನ ಕೆಲಸವೇ.

ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ

ಕೆಲವೊಮ್ಮೆ ಗಾಡಿ ಎರಡನೇ ಅಥವಾ ಮೂರನೇ ಗೇರಿನಲ್ಲೇ ನಿಂತುಬಿಡುತ್ತದೆ. ಹೊರಡುವಾಗ ಭಾರ, ಸ್ಪೀಡಿನಲ್ಲಿ ಕೂಗಾಟ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಉರಿಯಬಹುದು ಅಥವಾ ಡಿ ಅಕ್ಷರ ಮಿನುಗಬಹುದು. ಗೇರ್‌ಬಾಕ್ಸ್ ಸತ್ತಿತೆಂದು ತಿಳಿಯಬೇಡಿ. ಯಾವುದೋ ಸೆನ್ಸರಿನ ಮಾತು ನಂಬಲಾಗದೆ ಕಂಪ್ಯೂಟರ್ ತನ್ನನ್ನು ತಾನು ಕಾಪಾಡಿಕೊಂಡು, ನಿಮ್ಮನ್ನು ಮನೆ ಮುಟ್ಟಿಸಲು ಮಾಡಿದ ಏರ್ಪಾಡು ಅದು.

ಆಗ ಸ್ಕ್ಯಾನರ್ ಹಚ್ಚಿಸಬೇಕು. ಪಿ 0700 ಎಂದು ಬಂದರೆ "ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ದೂರು ಇದೆ" ಎಂದಷ್ಟೇ ಅರ್ಥ. ನಿಜವಾದ ಕಾರಣ ಬೇರೆ ಕೋಡಿನಲ್ಲಿ ಇರುತ್ತದೆ. ಪಿ 0705 ಗೇರ್ ಸ್ಥಾನದ ಸ್ವಿಚ್ಚಿನದು, ಪಿ 0715 ಮತ್ತು ಪಿ 0720 ವೇಗ ಅಳೆಯುವ ಸೆನ್ಸರುಗಳದು, ಪಿ 0750 ಸೋಲೆನಾಯ್ಡಿನದು. ಕೋಡು ಬಂದ ಮಾತ್ರಕ್ಕೆ ಆ ಭಾಗವೇ ಕೆಟ್ಟಿದೆ ಎಂದಲ್ಲ, ಅಲ್ಲಿಗೆ ಹೋಗುವ ವಯರೂ ಕೆಟ್ಟಿರಬಹುದು. ನಮ್ಮ ಊರುಗಳಲ್ಲಿ ಬಾನೆಟ್ ಒಳಗೆ ಸೇರುವ ಇಲಿಗಳು ವಯರ್ ಕಡಿಯುವುದು ಎಲ್ಲರಿಗೂ ಗೊತ್ತು. ಕರಾವಳಿಯ ಉಪ್ಪು ಗಾಳಿ, ಮಳೆಗಾಲದ ತೇವಕ್ಕೆ ಕನೆಕ್ಟರುಗಳು ಹಸಿರು ಹಿಡಿಯುತ್ತವೆ. ಬ್ಯಾಟರಿ ದುರ್ಬಲವಾದರೂ, ಅರ್ತ್ ವಯರ್ ಸಡಿಲವಾದರೂ ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಆದ್ದರಿಂದ ಸೋಲೆನಾಯ್ಡ್ ಕೊಳ್ಳುವ ಮೊದಲು ಬ್ಯಾಟರಿ, ಅರ್ತ್, ವಯರು ಈ ಮೂರನ್ನೂ ಪರೀಕ್ಷೆ ಮಾಡಿಸಿ.

ಇವನ್ನು ಮಾಡಬೇಡಿ

* ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಡಿ. ಇಂಜಿನ್ ನಿಂತಾಗ ಆಯಿಲ್ ಪಂಪೂ ನಿಂತಿರುತ್ತದೆ, ಒಳಗಿನ ಚಕ್ರಗಳು ಒಣಗಿ ತಿರುಗುತ್ತವೆ. ಎಳೆಯುವ ಚಕ್ರಗಳು ನೆಲ ಮುಟ್ಟದಂತೆ ಎತ್ತಿ ಅಥವಾ ಲಾರಿಯ ಮೇಲೆ ಹಾಕಿ ಸಾಗಿಸಿ.

* ಬ್ಯಾಟರಿ ಇಳಿದಾಗ ತಳ್ಳಿ ಸ್ಟಾರ್ಟ್ ಮಾಡಲು ನೋಡಬೇಡಿ. ಟಾರ್ಕ್ ಕನ್ವರ್ಟರ್ ಗಾಡಿ ಹಾಗೆ ಸ್ಟಾರ್ಟ್ ಆಗದು.

* ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದುಕೊಳ್ಳಬೇಡಿ, ಆಯಿಲ್ ಕುದಿಯುತ್ತದೆ. ಬ್ರೇಕ್ ಹಿಡಿಯಿರಿ. ಘಾಟಿ ಇಳಿಯುವಾಗ 2 ಅಥವಾ ಎಲ್ ಬಳಸಿ.

* ಇಳಿಜಾರಿನಲ್ಲಿ ನಿಲ್ಲಿಸುವಾಗ ನೇರ ಪಿಗೆ ಹಾಕಬೇಡಿ. ಬ್ರೇಕ್ ಒತ್ತಿ, ಎನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯ ಭಾರ ಅದರ ಮೇಲೆ ಕೂತ ನಂತರ ಪಿ ಹಾಕಿ. ಇಲ್ಲವಾದರೆ ಇಡೀ ಗಾಡಿಯ ಭಾರ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.

* ಗಾಡಿ ಪೂರ್ತಿ ನಿಲ್ಲದೆ ಡಿಯಿಂದ ಆರ್‌ಗೆ ಹಾಕಬೇಡಿ.

ಹಳೆ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆಯೇ?

ಈ ಮಾತು ನಾವೆಲ್ಲ ಕೇಳಿದ್ದೇವೆ. ಇದರಲ್ಲಿ ಅರ್ಧ ಸತ್ಯ ಇದೆ. ಪ್ಲೇಟುಗಳು ಆಗಲೇ ಸುಟ್ಟು, ಗಾಡಿ ಜಾರುತ್ತಿರುವಾಗ ಕೊನೆಯ ಆಸೆಯಾಗಿ ಆಯಿಲ್ ಬದಲಿಸುತ್ತಾರೆ. ನಾಲ್ಕು ದಿನದಲ್ಲಿ ಗಾಡಿ ನಿಲ್ಲುತ್ತದೆ. ಅಪವಾದ ಹೊಸ ಆಯಿಲಿನ ಮೇಲೆ ಬರುತ್ತದೆ. ಚೆನ್ನಾಗಿ ಓಡುತ್ತಿರುವ ಗಾಡಿಗೆ ಸರಿಯಾದ ಆಯಿಲ್ ಬದಲಿಸಿದರೆ ಒಳ್ಳೆಯದೇ ಆಗುತ್ತದೆ. ಎಷ್ಟೋ ವರ್ಷ ಬದಲಿಸದ ಗಾಡಿಗೆ ಯಂತ್ರದ ಒತ್ತಡದಿಂದ ತೊಳೆಸುವುದು ಬೇಡ. ಬೋಲ್ಟು ಬಿಚ್ಚಿ ಇಳಿದಷ್ಟು ಇಳಿಸಿ, ಅಳೆದು, ಅಷ್ಟೇ ಹೊಸತು ತುಂಬಿಸಿ. ಕನ್ವರ್ಟರಿನಲ್ಲಿ ಬಹುಪಾಲು ಹಳೆಯದೇ ಉಳಿದಿರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ, ಮತ್ತೊಮ್ಮೆ ಹೀಗೆಯೇ ಮಾಡಿದರೆ ನಿಧಾನವಾಗಿ ಹೊಸತಾಗುತ್ತದೆ. ಇಳಿಸಿದ ಆಯಿಲನ್ನು ತೋಡಿಗೆ, ಬಾವಿಯ ಹತ್ತಿರ ಸುರಿಯಬೇಡಿ. ಗ್ಯಾರೇಜಿಗೇ ಕೊಡಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಐದು ಪ್ರಶ್ನೆಗಳು

"ಗೇರ್‌ಬಾಕ್ಸ್ ಹೋಗಿದೆ" ಎಂದು ಹೇಳಿದರೆ ಜಗಳ ಬೇಡ. ಸಮಾಧಾನದಿಂದ ಕೇಳಿ:

1. ಆಯಿಲ್ ಎಷ್ಟಿತ್ತು, ಬಣ್ಣ ಹೇಗಿತ್ತು? ನನಗೂ ತೋರಿಸುತ್ತೀರಾ?
2. ಸ್ಕ್ಯಾನರಿನಲ್ಲಿ ಯಾವ ಕೋಡು ಬಂತು? ಬರೆದು ಕೊಡಿ.
3. ಬ್ಯಾಟರಿ, ವಯರು, ಮೌಂಟಿಂಗ್, ಕೇಬಲ್ ನೋಡಿದಿರಾ?
4. ಆಯಿಲ್ ಒತ್ತಡ ಅಳೆದಿರಾ?
5. ಅಡಿಯ ತಟ್ಟೆ ಬಿಚ್ಚಿದಾಗ ಏನು ಸಿಕ್ಕಿತು?

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರ ಮಾಡುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದು ಎಲ್ಲರ ಕೈಯ ಕೆಲಸವಲ್ಲ. ಅದನ್ನೇ ಮಾಡಿ ಗೊತ್ತಿರುವವರ ಹತ್ತಿರ ಎರಡನೇ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಆಯಿಲ್ ಸರಿ ಇದ್ದು, ಹೊರಗಿನ ದೋಷ ಯಾವುದೂ ಇಲ್ಲದೆ, ಒತ್ತಡವೂ ಬೀಳುತ್ತಿದ್ದು, ತಟ್ಟೆಯಲ್ಲಿ ಲೋಹದ ಚೂರು, ಸುಟ್ಟ ಪ್ಲೇಟಿನ ಪುಡಿ ಸಿಕ್ಕರೆ ಆಗ ಒಪ್ಪಿಕೊಳ್ಳಲೇಬೇಕು, ಗೇರ್‌ಬಾಕ್ಸ್ ಮುಗಿದಿದೆ. ಆಗಲೂ ಕೂತು ಲೆಕ್ಕ ಹಾಕಿ. ರಿಪೇರಿಯ ನಂತರ ಈ ಗಾಡಿ ಎಷ್ಟು ವರ್ಷ ಓಡೀತು? 15 ವರ್ಷ ತುಂಬುತ್ತಿದ್ದರೆ ಆರ್‌ಸಿ ನವೀಕರಣದ ಖರ್ಚೂ ಇದೆ. ಹಳೆಯ ಗೇರ್‌ಬಾಕ್ಸ್ ತಂದು ಹಾಕುವುದಾದರೆ ಮೇಲಿನ ನಂಬರ್ ಹೊಂದುತ್ತದೆಯೇ ನೋಡಿ, ಬಿಲ್ಲು ಮತ್ತು ಗ್ಯಾರಂಟಿ ಬರವಣಿಗೆಯಲ್ಲಿ ಪಡೆಯಿರಿ. ಹೊಸ ಗೇರ್‌ಬಾಕ್ಸ್ ಕೂರಿಸುವ ಮೊದಲು ಕೂಲರ್ ತೊಳೆಸುವುದನ್ನು ಮರೆಯಬೇಡಿ. ಹಳೆಯ ಚೂರುಗಳು ಅಲ್ಲಿ ಉಳಿದರೆ ಹೊಸತನ್ನೂ ತಿನ್ನುತ್ತವೆ.

ಹಳೆ ಆಟೋಮ್ಯಾಟಿಕ್ ಕೊಳ್ಳಲು ಹೊರಟವರಿಗೆ ಒಂದು ಮಾತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. "ನೀವು ಬರುವಷ್ಟರಲ್ಲಿ ಬಿಸಿ ಮಾಡಿ ಇಟ್ಟಿದ್ದೇವೆ" ಎಂದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಡಿ, ಆರ್ ಎರಡೂ ಕೂಡಲೇ ಹಿಡಿಯುತ್ತವೆಯೇ, ಏರಿನಲ್ಲಿ ರಿವರ್ಸ್ ಹೋಗುತ್ತದೆಯೇ, ಅರ್ಧ ಗಂಟೆ ಓಡಿಸಿದ ಮೇಲೂ ಗೇರ್ ಹಾಗೆಯೇ ಬೀಳುತ್ತದೆಯೇ ನೋಡಿ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ.

ನಮ್ಮ ಜೆರಾಕ್ಸ್ ಅಂಗಡಿಯವರು ಈಗ ತಿಂಗಳಿಗೊಮ್ಮೆ, ಒಂದನೇ ತಾರೀಕಿಗೆ, ಬಾನೆಟ್ ತೆರೆದು ಎರಡೂ ಡಿಪ್‌ಸ್ಟಿಕ್ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಅವರ ಎಂಟನೇ ಕ್ಲಾಸಿನ ಮಗಳು ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ, ತಾರೀಕು ಬರೆದು, ಗ್ಲೋವ್ ಬಾಕ್ಸಿನಲ್ಲಿ ಇಡುತ್ತಾಳೆ. ಬಣ್ಣ ಬದಲಾದರೆ ಹಿಂದಿನ ಕಾಗದದ ಜೊತೆ ಹೋಲಿಸಿದಾಗ ತಕ್ಷಣ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಬರುವ ಒಂದನೇ ತಾರೀಕಿನಿಂದಲೇ ಶುರು ಮಾಡಿ.